ಹದಿನಾರು ಕೆರೆಯ ಹೆಬ್ಬಾತುಗಳು: ಜನವರಿವರೆಗಿನ ಟಿಪ್ಪಣಿ

ಈ ಚಳಿಗಾಲಕ್ಕೆ ಒಂದೇ ಕೆಲಸ ಇಟ್ಟುಕೊಂಡಿದ್ದೇನೆ. ನಂಜನಗೂಡು ತಾಲ್ಲೂಕಿನ ಹದಿನಾರು ಅನ್ನೋ ಊರಿನ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಕತ್ತಲಾದ ಮೇಲೆ ಯಾವ ಯಾವ ಹೊಲಕ್ಕೆ ಮೇಯಲು ಹೋಗುತ್ತವೆ ಅಂತ ಗುರುತು ಹಾಕಿಕೊಳ್ಳುವುದು. ಕೆರೆಯಲ್ಲಿ ಎಷ್ಟಿವೆ ಅನ್ನೋ ಲೆಕ್ಕವನ್ನು ತುಂಬಾ ಜನ ಇಡುತ್ತಾರೆ. ಆದರೆ ಅವು ಹಗಲಲ್ಲಿ ಕೆರೆಗೆ ಬರುವುದು ಹೆಚ್ಚಾಗಿ ಸುಧಾರಿಸಿಕೊಳ್ಳೋದಕ್ಕೆ. ಹೊಟ್ಟೆ ತುಂಬುವುದು ಹೊಲದಲ್ಲಿ. ಸುತ್ತಲಿನ ಹುರುಳಿ, ಭತ್ತ ಹೋಗಿ ಲೇಔಟ್ ಬಂದರೆ ಕೆರೆಯಲ್ಲಿ ನೀರಿದ್ದು ಏನು ಪ್ರಯೋಜನ, ಅಲ್ವಾ?

ನವೆಂಬರ್‌ನಲ್ಲಿ ಸಣ್ಣ ಗುಂಪು ಬಂತು, ಆಮೇಲೆ ಜಾಸ್ತಿಯಾದವು. ನಾಮದ ಕೋಳಿ, ವರಟೆ, ಸೂಜಿಬಾಲದ ಬಾತು, ಹೆಜ್ಜಾರ್ಲೆ ಎಲ್ಲ ಕಂಡವು. ಅವನ್ನು ಹಕ್ಕಿ ದಾಖಲೆಗಳ ಜಾಲತಾಣ ಇ-ಬರ್ಡ್‌ಗೆ ಹಾಕಿದ್ದೇನೆ.

ಡಿಸೆಂಬರ್‌ನಲ್ಲಿ ಕೆಲಸ ಕೈಹತ್ತಿತು. ಸಂಜೆ ಏರಿ ಮೇಲೆ ನಿಂತು ಗುಂಪು ಹಾರಿದ ದಿಕ್ಕು ಬರೆದುಕೊಳ್ಳುತ್ತೇನೆ. ಬೆಳಿಗ್ಗೆ ಅದೇ ದಿಕ್ಕಿನಲ್ಲಿ ಬದುವಿನ ಮೇಲೆ ನಡೆದು ಹೋಗುತ್ತೇನೆ. ಹೆಬ್ಬಾತು ಮೇಯ್ದ ಹೊಲ ನೋಡಿದ ತಕ್ಷಣ ಗೊತ್ತಾಗುತ್ತದೆ. ಹುರುಳಿ ಚಿಗುರು ಕತ್ತರಿ ಹಾಕಿದ ಹಾಗೆ ತುಂಡಾಗಿರುತ್ತದೆ. ಗಿಡಗಳ ನಡುವೆ ಬೆರಳುದ್ದದ ಹಸಿರು ಹಿಕ್ಕೆ, ತುದಿಯಲ್ಲಿ ಸ್ವಲ್ಪ ಬಿಳಿ. ಕಡ್ಡಿಯಲ್ಲಿ ಬಿಡಿಸಿದರೆ ಒಳಗೆಲ್ಲ ಸೊಪ್ಪಿನ ನಾರು. ಕುಯ್ಲಾದ ಗದ್ದೆಯಲ್ಲಿ ಉದುರಿದ ಭತ್ತ ಆಯ್ದು ತಿಂದಿದ್ದರೆ ಹಿಕ್ಕೆ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಇಷ್ಟು ಸಾಕು, ರಾತ್ರಿ ಟಾರ್ಚ್ ಹಿಡಿದು ಅವನ್ನು ಹೆದರಿಸುವ ಅಗತ್ಯವೇ ಇಲ್ಲ.

ಹಾಗೆ ನಡೆಯುವಾಗ ಒಬ್ಬ ರೈತರು ಸಿಕ್ಕರು. ಹಕ್ಕಿ ಬೆಳೆ ತಿನ್ನುತ್ತದೆ ಅಂತ ಬೈಯುತ್ತಾರೇನೋ ಅಂದುಕೊಂಡೆ. ಅವರು ಹೇಳಿದ್ದೇ ಬೇರೆ. "ಅವು ಎಷ್ಟ್ ತಿಂದಾವು ಬಿಡಿ ಸಾರ್. ನೋಡಕ್ ಬರೋರು ಹುರುಳಿ ಮೇಲೆ ತುಳ್ಕೊಂಡು ಓಡಾಡ್ತಾರಲ್ಲ, ಅದಕ್ಕೇನ್ ಮಾಡನ?"

ಈ ಮಾತು ನನಗೆ ಈ ಸಲದ ದೊಡ್ಡ ದಾಖಲೆ. ಹಾರುವ ಫೋಟೋ ಬೇಕು ಅಂತ ಮಲಗಿದ ಗುಂಪನ್ನು ಎಬ್ಬಿಸುವವರನ್ನು ನಾನೇ ನೋಡಿದ್ದೇನೆ. ಈ ಹಕ್ಕಿಗಳು ಟಿಬೆಟ್, ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿ ಬರುತ್ತವೆ. ಟ್ರಾನ್ಸ್‌ಮಿಟರ್ ಹಾಕಿದ ಒಂದು ಹೆಬ್ಬಾತು 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಮಾರ್ಚ್ ಹೊತ್ತಿಗೆ ವಾಪಸ್ ಹೊರಡಲು ಮೈಯಲ್ಲಿ ಕೊಬ್ಬು ಕೂಡಬೇಕು. ಸುಮ್ನೆ ಎಬ್ಬಿಸಿದಷ್ಟೂ ಅದು ಕರಗುತ್ತದೆ. ಅತ್ತ ಹೊಲದವರ ತಾಳ್ಮೆಯೂ ಕರಗುತ್ತದೆ, ಅದು ಇನ್ನೂ ದೊಡ್ಡ ನಷ್ಟ. ಅವರು ಪಟಾಕಿ ಹೊಡೆಯದೆ ಸುಮ್ಮನಿರುವುದರಿಂದಲೇ ಹೆಬ್ಬಾತುಗಳು ಇಲ್ಲಿ ನಿಲ್ಲುತ್ತಿವೆ.

ಜನವರಿಯಲ್ಲಿ ನೀರು ಹಕ್ಕಿಗಳ ಏಷ್ಯಾ ಗಣತಿ ನಡೆಯುತ್ತದೆ. 1987ರಿಂದ ಬಂದಿರುವ ಲೆಕ್ಕ ಅದು. ಅದೇ ಸಮಯಕ್ಕೆ ಗುಂಪಿನಲ್ಲಿ ಒಂದರ ಕುತ್ತಿಗೆಯಲ್ಲಿ ಹಸಿರು ಪಟ್ಟಿ ಕಂಡಿತು, ಹಕ್ಕಿಯ ಗುರುತಿಗೆ ಅಕ್ಷರ, ಸಂಖ್ಯೆ ಬರೆದು ಹಾಕುವಂಥದ್ದು. ಮಂಗೋಲಿಯಾದಲ್ಲಿ ಇಂಥ ಪಟ್ಟಿ ಹಾಕಿಸಿಕೊಂಡ ಹೆಬ್ಬಾತುಗಳು ಮೈಸೂರು ಸುತ್ತಿನ ಕೆರೆಗಳಲ್ಲಿ ಹಿಂದೆಯೂ ಸಿಕ್ಕಿವೆ. ಸ್ಕೋಪ್‌ನಲ್ಲಿ ಮೊದಲ ಅಕ್ಷರ ಹಿಡಿಯುವಷ್ಟರಲ್ಲಿ ಅದು ತಲೆ ಹಿಂದಕ್ಕೆ ಹೊರಳಿಸಿ ರೆಕ್ಕೆಯೊಳಗೆ ಸಿಕ್ಕಿಸಿಕೊಂಡು ಮಲಗಿತು. ನೆತ್ತಿಯ ಎರಡು ಕಪ್ಪು ಪಟ್ಟೆ ಮಾತ್ರ ಕಾಣುತ್ತಿತ್ತು. ಕಾದೆ, ಏಳಲಿಲ್ಲ. ಎಬ್ಬಿಸುವ ಮಾತೇ ಇಲ್ಲ.

ಫೆಬ್ರವರಿಗೆ ಎರಡು ಕೆಲಸ ಬಾಕಿ. ಪಟ್ಟಿಯ ಸಂಖ್ಯೆ ಓದುವುದು ಒಂದು. ಏರಿಯಿಂದಲೇ ನೋಡಿ ಅಂತ ಕನ್ನಡದಲ್ಲಿ ಒಂದು ಬೋರ್ಡ್ ಹಾಕಿಸಲು ಊರಿನವರ ಜೊತೆ ಮಾತಾಡುವುದು ಇನ್ನೊಂದು. ಎಲ್ಲಿ ನೆಡಬೇಕು ಅಂತ ಆ ರೈತರೇ ಜಾಗ ತೋರಿಸಿದ್ದಾರೆ.