ಪಕ್ಕದ್ಮನೆ ತಾತನ ಸೀಸದ ಎರಕ

ಇಲ್ಲಿ ಪೆನ್ಸಿಲ್ವೇನಿಯಾದಲ್ಲಿ ಕ್ರಿಸ್ಮಸ್ ಮುಗೀತಿದ್ದ ಹಾಗೇ ಜಿಂಕೆ ಬೇಟೆಗೆ ಇನ್ನೊಂದು ಸೀಸನ್ ಶುರುವಾಗತ್ತೆ, ಅದಕ್ಕೆ ಕಲ್ಲಿನ ಕಿಡಿಯಿಂದ ಮದ್ದು ಹೊತ್ಕೊಳ್ಳೋ ಹಳೇ ಕಾಲದ ಫ್ಲಿಂಟ್‌ಲಾಕ್ ಬಂದೂಕೇ ಆಗ್ಬೇಕು. ನಮ್ಮ ಪಕ್ಕದ್ಮನೆ ತಾತ ಅದರ ಗುಂಡು ಅಂಗಡಿಯಿಂದ ತರಲ್ಲ, ಗ್ಯಾರೇಜಲ್ಲೇ ಸೀಸ ಕರಗಿಸಿ ಅಚ್ಚಿಗೆ ಹುಯ್ತಾರೆ. ನಮ್ಮೂರಲ್ಲಿ ಲೈಸೆನ್ಸ್ ಇಲ್ದೆ ಇದಕ್ಕೆ ಕೈ ಹಾಕಿದ್ರೆ ಸ್ಟೇಷನ್ ಮೆಟ್ಟಿಲು ಹತ್ಬೇಕಾಗತ್ತೆ, ಇಲ್ಲಿ ಅದೊಂದು ಹವ್ಯಾಸ ಅಷ್ಟೇ.

ಹೋದ ಡಿಸೆಂಬರಲ್ಲಿ ನೋಡೋಣ ಅಂತ ಕೈಯಲ್ಲಿ ಕಾಫಿ ಕಪ್ ಹಿಡ್ಕೊಂಡು ಒಳಗೆ ಕಾಲಿಟ್ಟೆ, ತಾತ ಜೋರಾಗಿ "ಅಲ್ಲೇ ನಿಲ್ಲಪ್ಪ" ಅಂದ್ರು. ತಲೆ ಮೇಲಿನ ಉಲ್ಲನ್ ಟೋಪಿಯಲ್ಲಿ ಹಿಮ ಕೂತಿತ್ತು, ಅದನ್ನ ಹೊರಗೇ ಒದರಿ ಬಾ, ಕಪ್ಪೂ ಹೊರಗಿಡು ಅಂತ. ನಾನು ಇವರಿಗೇನು ಮಡಿನಾ ಅಂದ್ಕೊಂಡೆ. ಆಮೇಲೆ ಹೇಳಿದ್ರು, ಸೀಸ ಕರಗೋದು 327 ಡಿಗ್ರಿ ಸೆಲ್ಸಿಯಸ್‌ಗೆ, ಅವರು ಇಟ್ಕೊಳ್ಳೋದು ಹತ್ತಿರ ಹತ್ತಿರ 400, ಒಂದು ಹನಿ ನೀರು ಅದರೊಳಗೆ ಸಿಕ್ಕಿಹಾಕ್ಕೊಂಡ್ರೆ ಆ ಕ್ಷಣಕ್ಕೇ ಸಾವಿರದ ಆರುನೂರು ಪಟ್ಟಿಗೂ ಜಾಸ್ತಿ ಆವಿಯಾಗಿ ಉಬ್ಬಿ ಪಾತ್ರೆಯಲ್ಲಿರೋ ಸೀಸ ಎಲ್ಲಾ ಮುಖಕ್ಕೇ ಸಿಡಿಯತ್ತೆ. ಒಗ್ಗರಣೆಗೆ ಒದ್ದೆ ಕರಿಬೇವು ಹಾಕಿದ ಅನುಭವ ಇರೋರಿಗೆ ಬಿಡಿಸಿ ಹೇಳ್ಬೇಕಿಲ್ಲ. ಹೊಸ ಸೀಸದ ತುಂಡನ್ನೂ ಅವರು ಸೀದಾ ಮುಳುಗಿಸಲ್ಲ, ಪಾತ್ರೆ ಅಂಚಲ್ಲಿ ಇಟ್ಟು ಕಾಯಿಸಿ ತೇವ ಆರಿಸಿ ಆಮೇಲೆ ಒಳಗೆ. ಮುಖಕ್ಕೆ ಶೀಲ್ಡು, ಚರ್ಮದ ಗ್ಲೌಸು, ಉದ್ದ ತೋಳಿನ ಕಾಟನ್ ಶರ್ಟು.

ನಾನು ಹೊಗೆಗೆ ಹೆದರಿ ಮೂಗು ಮುಚ್ಕೊಂಡಿದ್ದೆ. ಈ ಶಾಖಕ್ಕೆ ಸೀಸ ಆವಿಯಾಗೋದು ತುಂಬಾ ಕಮ್ಮಿ ಅಂತೆ, ಆದ್ರೂ ಬಾಗಿಲು ಪೂರ್ತಿ ತೆಗೆದು ಗಾಳಿ ಹೊರಗೆ ಹೋಗೋ ಹಾಗೆ ಫ್ಯಾನ್ ಹಾಕಿದ್ರು. ನಿಜವಾದ ಕಾಟ ಮೇಲೆ ತೇಲೋ ಬೂದು ಕಿಟ್ಟದ್ದು. ಸೌಟಲ್ಲಿ ಅದನ್ನ ತೆಗೆದು ಮುಚ್ಚಳ ಇರೋ ಡಬ್ಬಕ್ಕೆ ಮೆತ್ತಗೆ ಸುರೀತಾರೆ, ಧೂಳೆದ್ರೆ ಶ್ವಾಸಕ್ಕೂ ಹೋಗತ್ತೆ ಕೈಗೂ ಅಂಟತ್ತೆ. ಪೊರಕೆ ಮುಟ್ಟಲ್ಲ, ಎಲ್ಲಾ ತಣ್ಣಗಾದ್ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸೋದು. ಹಳೇ ಕಾರ್ ಬ್ಯಾಟರಿ ಸೀಸ ಮಾತ್ರ ಯಾರು ಪುಕ್ಕಟೆ ಕೊಟ್ರೂ ಬೇಡ ಅಂತಾರೆ, ಅದರಲ್ಲಿ ಆರ್ಸೆನಿಕ್, ಆಂಟಿಮನಿ ಇರತ್ತೆ, ವಿಷಗಾಳಿ ಬರಬಹುದು.

ತಣ್ಣಗಾದ ಒಂದು ಗುಂಡು ಅಂಗೈಗೆ ಹಾಕಿದ್ರು. ಪುಟ್ಟ ಗೋಲಿ ಥರ, ಆದ್ರೆ ಏನು ಭಾರ! ಬೆರಳಿಗೆ ಪೆನ್ಸಿಲ್ ಉಜ್ಜಿದ ಹಾಗೆ ಬೂದು ಮಸಿ. ಹಂಗೇ ಜೇಬಿಗೆ ಕೈ ಹಾಕೋಕೆ ಹೋದೆ, ಮೊದ್ಲು ಸೋಪು, ಆ ಮಸಿ ಬಾಯಿಗೆ ಹೋಗ್ಬಾರ್ದು ಅಂದ್ರು. ಕಾಫಿ ಕಪ್ ಯಾಕೆ ಹೊರಗೆ ಅಂತ ಆಗ ಅರ್ಥ ಆಯ್ತು.

ನಮ್ಮ ಮಗಳಿಗೆ ಎರಡು ವರ್ಷ, ಸಿಕ್ಕಿದ್ದೆಲ್ಲಾ ಬಾಯಿಗೆ. ಇಲ್ಲಿ ಮಕ್ಕಳ ರಕ್ತದಲ್ಲಿ ಒಂದು ಡೆಸಿಲೀಟರಿಗೆ 3.5 ಮೈಕ್ರೋಗ್ರಾಂ ಸೀಸ ಬಂದ್ರೆ ಡಾಕ್ಟ್ರು ಗಮನ ಕೊಡ್ತಾರೆ, 2021ರ ತನಕ ಅದು 5 ಇತ್ತು. ಟೆಸ್ಟ್ ದಿನ ಡಾಕ್ಟ್ರು ಮನೇಲಿ ಯಾರಾದ್ರೂ ಸೀಸದ ಕೆಲಸ ಮಾಡ್ತೀರಾ ಅಂತ ಕೇಳಿದ್ರು, ನಾನು ತಾತನ ಕಥೆ ಶುರು ಮಾಡೋದ್ರೊಳಗೆ ಊರಿಂದ ತಂದ ಕಾಡಿಗೆ ಹಚ್ತೀರಾ ಅಂದ್ರು. ಅಮ್ಮ ಕಳಿಸಿದ ಡಬ್ಬಿ ಹೆಂಡತಿ ಬ್ಯಾಗಲ್ಲೇ ಇತ್ತು! ಕೆಲವು ಕಾಡಿಗೆಯಲ್ಲಿ ಸೀಸ ಇರತ್ತಂತೆ. ರಿಸಲ್ಟ್ ಕಮ್ಮೀನೇ ಬಂತು, ಡಬ್ಬಿ ಕಸಕ್ಕೆ ಹೋಯ್ತು, ಅಮ್ಮಂಗೆ ಇನ್ನೂ ಹೇಳಿಲ್ಲ.

ತಾತ ಕೊಟ್ಟ ಗುಂಡು ಶೋಕೇಸಲ್ಲಿ ಇಡೋಣ ಅಂದೆ, ಹೆಂಡತಿ ನನ್ನ ಮುಖ ನೋಡಿದ್ಳು. ಈಗ ತಿರುಗಿಸೋ ಮುಚ್ಚಳದ ಉಪ್ಪಿನಕಾಯಿ ಬಾಟ್ಲಲ್ಲಿ, ನಮ್ಮ ಗ್ಯಾರೇಜಿನ ಮೇಲಿನ ಅಟ್ಟದಲ್ಲಿದೆ, ತಾತನ ಮನೆಗೆ ಹಾಕ್ಕೊಂಡು ಹೋಗೋ ಶೂ ಕೂಡ ಅಲ್ಲೇ.