ನಮಗೆ ರಿಕ್ಟರ್ ಕೇಳಿಸಿದ ಫಿಸಿಕ್ಸ್ ಸರ್

ಕಾಸರಗೋಡು ವಿದ್ಯಾನಗರದ ನಮ್ಮ ಕಾಲೇಜಿನಲ್ಲಿ ನಾನು ಓದಿದ್ದು 1980ರ ದಶಕದ ಕೊನೆಯಲ್ಲಿ. ಕಾಲೇಜ್ ಡೇ, ಯೂನಿಯನ್ ಚುನಾವಣೆ, ಮುಷ್ಕರ ಇವನ್ನೆಲ್ಲ ಬೇರೆಯವರು ಚೆನ್ನಾಗಿ ಬರೆಯುತ್ತಾರೆ. ನನಗೆ ಬರೆಯಬೇಕು ಅನಿಸಿದ್ದು ಸ್ವಿಯಾತೊಸ್ಲಾವ್ ರಿಕ್ಟರ್ ಎಂಬ ಸೋವಿಯತ್ ಪಿಯಾನೊ ವಾದಕರ ಬಗ್ಗೆ, ಅವರನ್ನು ನಮಗೆ ಕೇಳಿಸಿದ ಫಿಸಿಕ್ಸ್ ಸರ್ ಬಗ್ಗೆ.

ಸರ್ ಕುಂಬಳೆ ಕಡೆಯವರು. ಯಕ್ಷಗಾನ ಅಂದರೆ ಪ್ರಾಣ, ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದರು. ಪಾಶ್ಚಾತ್ಯ ಸಂಗೀತದ ಹುಚ್ಚು ಅವರಿಗೆ ಎಲ್ಲಿಂದ ಹತ್ತಿತೋ ನಾವು ಕೇಳಲಿಲ್ಲ. ಅವರ ಬಾಡಿಗೆ ಮನೆಯಲ್ಲಿ ಒಂದು ಟೇಪ್ ರೆಕಾರ್ಡರ್, ಗಲ್ಫಿನಲ್ಲಿದ್ದ ಹಳೆಯ ಶಿಷ್ಯರು ತಂದುಕೊಟ್ಟ ಒಂದಷ್ಟು ಕ್ಯಾಸೆಟ್ ಇದ್ದವು. ಶನಿವಾರ ಮಧ್ಯಾಹ್ನ ಆಸಕ್ತಿ ಇದ್ದವರು ಹೋಗಬಹುದಿತ್ತು. ಚಹಾ, ಅವಲಕ್ಕಿ ಗ್ಯಾರಂಟಿ.

ಪಿಯಾನೊ ನಾವ್ಯಾರೂ ಕಣ್ಣಾರೆ ಕಂಡಿರಲಿಲ್ಲ. ಸರ್ ಭಜನಾ ಮಂದಿರದಿಂದ ಹಾರ್ಮೋನಿಯಂ ತಂದು ಶುರುಮಾಡಿದರು. "ಕೀ ಮೆಲ್ಲಗೆ ಒತ್ತು. ಈಗ ಜೋರಾಗಿ ಒತ್ತು. ಎಂತ ವ್ಯತ್ಯಾಸ? ಎಂತದ್ದೂ ಇಲ್ಲ. ಜೋರು ಬೇಕಾದರೆ ತಿದಿ ಹಾಕಬೇಕು." ಪಿಯಾನೊದಲ್ಲಿ ಹಾಗಲ್ಲ. ಅಲ್ಲಿರುವುದು 88 ಕೀ. ಒತ್ತಿದರೆ ಒಳಗೆ ಫೆಲ್ಟ್ ಹೊದಿಸಿದ ಒಂದು ಸುತ್ತಿಗೆ ತಂತಿಗೆ ಬಡಿದು ತಕ್ಷಣ ಹಿಂದೆ ಬೀಳುತ್ತದೆ. ಎಷ್ಟು ರಭಸದಲ್ಲಿ ಬಡಿಯಿತೋ ಸ್ವರ ಅಷ್ಟು ಜೋರು. ಬಡಿದಾದ ಮೇಲೆ ಸ್ವರ ಇಳಿಯುತ್ತಲೇ ಹೋಗುತ್ತದೆ, ಅದನ್ನು ಮತ್ತೆ ಏರಿಸಲು ಯಾರಿಂದಲೂ ಆಗುವುದಿಲ್ಲ. "ಚೆಂಡೆಯ ಜಾತಿಯ ವಾದ್ಯ ಮಾರಾಯ ಇದು. ಇದರಲ್ಲಿ ಭಾಗವತರ ಹಾಗೆ ಹಾಡಬೇಕು!" ಒಂದು ಸ್ವರ ಎಷ್ಟು ಇಳಿದಾಗ ಮುಂದಿನದನ್ನು ಎಷ್ಟು ತೂಕದಲ್ಲಿ ಇಡಬೇಕು ಎಂಬುದರಲ್ಲೇ ವಿದ್ಯೆ ಇರುವುದು ಅಂತ ಅವತ್ತು ತಿಳಿಯಿತು.

ಆಮೇಲೆ ಹಾಕಿದ್ದು 1958ರ ಫೆಬ್ರವರಿಯಲ್ಲಿ ಬಲ್ಗೇರಿಯಾದ ಸೋಫಿಯಾದಲ್ಲಿ ರಿಕ್ಟರ್ ಕೊಟ್ಟ ಕಛೇರಿ. ರೆಕಾರ್ಡಿಂಗ್ ಅಷ್ಟೇನೂ ಚೆನ್ನಾಗಿಲ್ಲ. ಚಳಿಗಾಲ, ಸಭೆಯಲ್ಲಿ ಒಬ್ಬರಲ್ಲ ಒಬ್ಬರು ಕೆಮ್ಮುತ್ತಲೇ ಇದ್ದಾರೆ. ರಷ್ಯದ ಸಂಯೋಜಕ ಮುಸೋರ್ಗ್‌ಸ್ಕಿ ತೀರಿಹೋದ ಚಿತ್ರಕಾರ ಗೆಳೆಯನ ನೆನಪಿಗೆ 1874ರಲ್ಲಿ ಬರೆದ 'ಪಿಕ್ಚರ್ಸ್ ಅಟ್ ಆ್ಯನ್ ಎಕ್ಸಿಬಿಷನ್' ಎಂಬ ಕೃತಿ ಅದರಲ್ಲಿತ್ತು. ಒಂದೊಂದು ಚಿತ್ರಕ್ಕೆ ಒಂದೊಂದು ಭಾಗ. ಎತ್ತಿನ ಗಾಡಿಯ ಭಾಗ ಬಂದಾಗ ಸರ್ ಕೈ ಎತ್ತಿದರು. ಆರ್ಕೆಸ್ಟ್ರಾದಲ್ಲಿ ನುಡಿಸುವಾಗ ಈ ಗಾಡಿ ಸಾಮಾನ್ಯವಾಗಿ ದೂರದಿಂದ ಮೆಲ್ಲಗೆ ಬರುತ್ತದೆ. ಮುಸೋರ್ಗ್‌ಸ್ಕಿ ಬರೆದದ್ದು ಹಾಗಲ್ಲ, ಅದು ಒಮ್ಮೆಲೇ ಎದುರಿಗೇ ಬಂದುಬಿಡುತ್ತದೆ. ರಿಕ್ಟರ್ ಬರೆದದ್ದನ್ನೇ ನುಡಿಸಿದರು. ಎಡಗೈಯ ಆ ಭಾರ ನನಗೆ ಇವತ್ತಿಗೂ ಎದೆಯಲ್ಲಿ ಕೂತಿದೆ.

ರಿಕ್ಟರ್ ಹುಟ್ಟಿದ್ದು 1915ರಲ್ಲಿ, ಈಗಿನ ಉಕ್ರೇನಿನ ಝೈಟೊಮಿರ್‌ನಲ್ಲಿ. ಬೆಳೆದದ್ದು ಒಡೆಸ್ಸಾದಲ್ಲಿ. ತಂದೆ ಜರ್ಮನ್ ಮೂಲದವರು, ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರು. ಹುಡುಗ ಹೆಚ್ಚು ಕಡಿಮೆ ಸ್ವಂತವಾಗಿಯೇ ಕಲಿತು ಒಪೆರಾ ಮನೆಯಲ್ಲಿ ಗಾಯಕರ ಅಭ್ಯಾಸಕ್ಕೆ ಪಿಯಾನೊ ನುಡಿಸುತ್ತಿದ್ದ. 1937ರಲ್ಲಿ ಮಾಸ್ಕೋಗೆ ಹೋದ. ಅಲ್ಲಿ ಗುರು ಹೈನ್ರಿಖ್ ನ್ಯೂಹೌಸ್ ಒಮ್ಮೆ ಕೇಳಿದವರೇ ಇವನು ಮಹಾ ಪ್ರತಿಭೆ ಅಂದರಂತೆ. ರಾಜಕೀಯ ಪಾಠಗಳಿಗೆ ಹೋಗದೆ ಕನ್ಸರ್ವೇಟರಿಯಿಂದ, ಅಂದರೆ ಸಂಗೀತ ಕಾಲೇಜಿನಿಂದ, ಹೊರಬಿದ್ದದ್ದೂ ಉಂಟು. ಮತ್ತೆ ಸೇರಿಸಿಕೊಂಡರು.

1941ರಲ್ಲಿ ಜರ್ಮನ್ ಸೈನ್ಯ ಒಡೆಸ್ಸಾದ ಹತ್ತಿರ ಬಂದಾಗ ರಿಕ್ಟರ್ ತಂದೆಯನ್ನು ಸೋವಿಯತ್ ಅಧಿಕಾರಿಗಳು ಗೂಢಚಾರ ಎಂದು ಗುಂಡಿಟ್ಟು ಕೊಂದರು. ಮಾಡಿದ ತಪ್ಪು ಜರ್ಮನ್ ಆಗಿದ್ದದ್ದು, ಅಷ್ಟೇ. ಆಮೇಲೆ ಜರ್ಮನಿ ಸೇರಿದ ತಾಯಿಯನ್ನು ರಿಕ್ಟರ್ ಮತ್ತೆ ನೋಡಿದ್ದು 1960ರಲ್ಲಿ, ಅಮೆರಿಕ ಪ್ರವಾಸದಲ್ಲಿ. ಇದನ್ನು ಹೇಳುವಾಗ ಸರ್ ಸುಮ್ಮನಾಗಿಬಿಟ್ಟರು. 1956ರಲ್ಲಿ ಭಾಷೆಯ ಆಧಾರದಲ್ಲಿ ರಾಜ್ಯದ ಗಡಿ ಎಳೆದು ನಮ್ಮ ಕಾಸರಗೋಡನ್ನು ಕೇರಳಕ್ಕೆ ಸೇರಿಸಿದಾಗ ಸರ್ ಶಾಲಾ ಹುಡುಗ. ಎರಡು ನೋವನ್ನೂ ಒಂದೇ ತಕ್ಕಡಿಗೆ ಹಾಕುವವರಲ್ಲ ಅವರು, ನಾನೂ ಹಾಕುವುದಿಲ್ಲ. ಆದರೆ ಆಡುವ ಭಾಷೆಯಿಂದಲೇ ಮನುಷ್ಯನನ್ನು ಅಳೆಯುವವರನ್ನು ಕಂಡರೆ ಅವರಿಗೆ ಯಾಕೆ ಅಷ್ಟು ಸಿಟ್ಟು ಬರುತ್ತಿತ್ತು ಅಂತ ಅವತ್ತು ಅರ್ಥವಾಯಿತು.

ರಿಕ್ಟರ್ ಕೊನೆಯ ವರ್ಷಗಳಲ್ಲಿ ಸಭೆಯ ದೀಪ ಆರಿಸಿ, ಸ್ವರಲಿಪಿಯ ಮೇಲೆ ಒಂದೇ ಒಂದು ಲ್ಯಾಂಪ್ ಇಟ್ಟುಕೊಂಡು ನುಡಿಸುತ್ತಿದ್ದರು. ಜನ ತಮ್ಮ ಮುಖ ನೋಡುವುದು ಬೇಡ, ಸಂಗೀತ ಕೇಳಿದರೆ ಸಾಕು ಅಂತ. ಜರ್ಮನ್ ಸಂಯೋಜಕ ಬಾಖ್‌ನ 'ಇಟಾಲಿಯನ್ ಕಾನ್ಸರ್ಟೊ' ಎಂಬ ಕೃತಿಯಲ್ಲಿ ವರ್ಷಗಟ್ಟಲೆ ಒಂದು ಸ್ವರ ತಪ್ಪು ನುಡಿಸುತ್ತಿದ್ದೆ ಎಂದು ಗೊತ್ತಾದಾಗ ಅದನ್ನು ಬರೆದು ಎಲ್ಲರಿಗೂ ತಿಳಿಸಿದರು. ಯಾರೂ ಅವರಿಗೆ ಹೇಳಿರಲೇ ಇಲ್ಲ! ಅಷ್ಟು ದೊಡ್ಡವರು ಸುಮ್ನೆ ಇರಬಹುದಿತ್ತು ಅಲ್ವಾ?

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದದ್ದು 1986ರ ಸಂಗತಿ. ಎಪ್ಪತ್ತು ದಾಟಿದ ಮೇಲೆ ರಿಕ್ಟರ್ ತಿಂಗಳುಗಟ್ಟಲೆ ಸೈಬೀರಿಯಾ ಸುತ್ತಿದರು. ಸಂಗೀತ ಸಭಾಂಗಣವೇ ಇಲ್ಲದ ಸಣ್ಣ ಊರುಗಳಲ್ಲೂ ಕಛೇರಿ ಕೊಟ್ಟರು. ಜಗತ್ತಿನ ಯಾವ ದೊಡ್ಡ ವೇದಿಕೆ ಬೇಕಾದರೂ ಸಿಗುತ್ತಿದ್ದ ಮನುಷ್ಯ! ಇದನ್ನು ನಾನು ಓದಿದ್ದು ಬಹಳ ತಡವಾಗಿ. ಸರ್‌ಗೆ ಫೋನ್ ಮಾಡಿ ಹೇಳಿದೆ. "ಮೇಳದವರು ಗದ್ದೆಯಲ್ಲಿ ರಂಗಸ್ಥಳ ಹಾಕಿ ಬೆಳಗಿನವರೆಗೆ ಆಡುವುದಿಲ್ವಾ? ಆಟ ಅಂದರೆ ಊರಿಗೆ ಬರಬೇಕು" ಅಂದರು. ಅವರ ದನಿಯಲ್ಲಿ ಖುಷಿ ಇತ್ತು.

ರಿಕ್ಟರ್ ತೀರಿಕೊಂಡದ್ದು 1997ರ ಆಗಸ್ಟ್ 1ರಂದು, ಮಾಸ್ಕೋದಲ್ಲಿ. ನಮ್ಮ ಸರ್ ಕೂಡ ಈಗ ಇಲ್ಲ.

ಈಗ ಓದುತ್ತಿರುವ ಮಕ್ಕಳಿಗೆ ಒಂದು ಮಾತು. ಕ್ಯಾಸೆಟ್‌ಗೆ ಕಾಯಬೇಕಾಗಿಲ್ಲ, ಎಲ್ಲವೂ ಮೊಬೈಲಿನಲ್ಲೇ ಸಿಗುತ್ತದೆ. ಸೋಫಿಯಾ ಕಛೇರಿಯಿಂದ ಶುರುಮಾಡಿ. ಸಂಯೋಜಕ ಶೂಬರ್ಟ್ ಪಿಯಾನೊಗೆ ಬರೆದ ಕೊನೆಯ ಸೊನಾಟಾ (ಹಲವು ಭಾಗಗಳ ಕೃತಿ) ಆಮೇಲೆ ಕೇಳಿ. ರಿಕ್ಟರ್ ಅದರ ಮೊದಲ ಭಾಗವನ್ನು ಹೆಚ್ಚಿನವರಿಗಿಂತ ನಿಧಾನ ನುಡಿಸುತ್ತಾರೆ, ಇಪ್ಪತ್ತು ನಿಮಿಷ ದಾಟುತ್ತದೆ. ಅದಕ್ಕೆ ಪುರುಸೊತ್ತು ಮಾಡಿಕೊಂಡು ಕೂರಬೇಕು. ಇಯರ್‌ಫೋನ್ ಬೇಡ, ನಾಲ್ಕು ಜನ ಒಟ್ಟಿಗೆ ಕೂತು ಕೇಳಿ.