ಬಿಯರ್‌ಗಾಗಿ ಹುಟ್ಟಿದ ಊರು ಮತ್ತು ಕ್ಲೀವ್‌ಲ್ಯಾಂಡಿನ ಸ್ಲೊವೇನಿಯನ್ನರು

ಅಮೆರಿಕದ ಓಹಾಯೊದಲ್ಲಿರುವ ಕ್ಲೀವ್‌ಲ್ಯಾಂಡ್‌ಗೆ ಹೋದ ನಮ್ಮವರು ಈರಿ ಸರೋವರ ನೋಡುತ್ತಾರೆ, ರಾಕ್ ಅಂಡ್ ರೋಲ್ ಮ್ಯೂಸಿಯಂ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ, ಆಮೇಲೆ ನಯಾಗರಾ ಕಡೆಗೆ ಕಾರು ತಿರುಗಿಸುತ್ತಾರೆ. ನನಗೆ ಅದೆಲ್ಲ ಹಿಂದಿನ ಸಲವೇ ಆಗಿತ್ತು. ಈ ಸಲ ಅಕ್ಕನ ಮನೆಯಲ್ಲಿ ಸುಮ್ನೆ ಕೂತಿದ್ದಾಗ ಭಾವ, "ಈ ಊರಲ್ಲಿ ಸ್ಲೊವೇನಿಯಾದವರು ಕಟ್ಟಿದ ಸಂಘಗಳಿವೆ, ನೋಡಿದ್ರೆ ನಮ್ಮ ಕನ್ನಡ ಸಂಘ ಏನೂ ಅಲ್ಲ ಅನ್ನಿಸುತ್ತೆ, ಬಾ" ಅಂದರು. ಭಾವ ಹಿಂದೆ ಒಂದು ಕನ್ನಡ ಸಂಘದ ಖಜಾಂಚಿಯಾಗಿದ್ದವರು. ಯಾವ ಸಭಾಂಗಣ ಕಂಡರೂ ಮೊದಲು ಬಾಡಿಗೆ ಎಷ್ಟು ಅಂತಲೇ ಕೇಳುತ್ತಾರೆ.

ಕ್ಲೀವ್‌ಲ್ಯಾಂಡಿನ ಸಿಸ್ಟರ್ ಸಿಟಿಗಳ ಪಟ್ಟಿಯಲ್ಲಿ ನಮ್ಮ ಬೆಂಗಳೂರೂ ಇದೆ, ಮಧ್ಯ ಯುರೋಪಿನ ಪುಟ್ಟ ದೇಶ ಸ್ಲೊವೇನಿಯಾದ ರಾಜಧಾನಿ ಲ್ಯುಬ್ಲಿಯಾನಾ ಕೂಡ ಇದೆ. ಇದು ನನಗೆ ಗೊತ್ತೇ ಇರಲಿಲ್ಲ. ಬೆಂಗಳೂರಿನ ಪಾಲಿಗೆ ಅದು ಹೆಚ್ಚುಕಡಿಮೆ ಕಾಗದದ ನಂಟು. ಸ್ಲೊವೇನಿಯನ್ನರದ್ದು ಹಾಗಲ್ಲ. ಅವರ ದೇಶದ ಹೊರಗೆ ಅವರು ಅತಿ ಹೆಚ್ಚು ನೆಲೆಸಿದ ನಗರಗಳಲ್ಲಿ ಇದೂ ಒಂದು.

ನಾವು ಹೋಗಿದ್ದು ಸೇಂಟ್ ಕ್ಲೇರ್ ಅವೆನ್ಯೂಗೆ. ಈಗ ಅಲ್ಲಿ ಬಾಗಿಲು ಹಾಕಿದ ಅಂಗಡಿಗಳು ಸಾಕಷ್ಟಿವೆ. ಜನ ಬಹಳ ಹಿಂದೆಯೇ ಯೂಕ್ಲಿಡ್ ಮತ್ತಿತರ ಉಪನಗರಗಳಿಗೆ ಹೋಗಿಬಿಟ್ಟರು. ಆದರೆ ಹಳದಿ ಇಟ್ಟಿಗೆಯ ಸೇಂಟ್ ವೈಟಸ್ ಚರ್ಚ್ ಈಗಲೂ ನಿಂತಿದೆ. ಈ ಕಟ್ಟಡ 1932ರದ್ದು, ಪ್ಯಾರಿಷ್, ಅಂದರೆ ಚರ್ಚಿನ ಭಕ್ತಸಮುದಾಯ, ಮಾತ್ರ 1893ರದ್ದು. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲೇ ಸ್ಲೊವೇನಿಯನ್ ನ್ಯಾಷನಲ್ ಹೋಮ್. ಅವರ ಭಾಷೆಯಲ್ಲಿ ನರೋದ್ನಿ ದೋಮ್. ಹೊರಗಿನಿಂದ ಯಾವುದೋ ಹಳೇ ಹೈಸ್ಕೂಲಿನ ಹಾಗೆ ಕಾಣುತ್ತದೆ. ಒಳಗೆ ಹೋದರೆ ದೊಡ್ಡ ರಂಗಮಂದಿರ, ಬಾಲ್ಕನಿ, ಪಕ್ಕದಲ್ಲಿ ಬಾರ್, ಮ್ಯೂಸಿಯಂ.

ನನ್ನನ್ನು ತುಂಬಾ ಹೊತ್ತು ಹಿಡಿದು ನಿಲ್ಲಿಸಿದ್ದು ಮ್ಯೂಸಿಯಂನ ಒಂದು ಗಾಜಿನ ಪೆಟ್ಟಿಗೆ. ಅದರಲ್ಲಿ ಎದೆಗೆ ಸಿಕ್ಕಿಸಿಕೊಳ್ಳುವ ರಿಬ್ಬನ್ ಬ್ಯಾಡ್ಜ್‌ಗಳಿದ್ದವು. ಮುಂಬದಿ ಬಣ್ಣಬಣ್ಣ, ಕೆಳಗೆ ಚಿನ್ನದ ಬಣ್ಣದ ಕುಚ್ಚು, ಮೇಲೆ ಸಂಘದ ಹೆಸರು, ಶಾಖೆಯ ನಂಬರು. ಅದನ್ನೇ ತಿರುಗಿಸಿದರೆ ಹಿಂಬದಿ ಪೂರ್ತಿ ಕಪ್ಪು. ಮೆರವಣಿಗೆಗೆ ಬಣ್ಣದ ಮಗ್ಗುಲು, ಸದಸ್ಯ ಸತ್ತರೆ ಕಪ್ಪು ಮಗ್ಗುಲು. ಒಂದೇ ಬ್ಯಾಡ್ಜಿನಲ್ಲಿ ಹಬ್ಬಕ್ಕೂ ಆಯಿತು, ಹೆಣದ ಹಿಂದೆ ನಡೆಯುವುದಕ್ಕೂ ಆಯಿತು. ಅಲ್ಲಿ ಕೆಲಸ ಮಾಡುವ ಅಜ್ಜಿಯೊಬ್ಬರು ಒಂದನ್ನು ಹೊರತೆಗೆದು ತಿರುಗಿಸಿ ತೋರಿಸಿದರು. ಕಪ್ಪು ಮಗ್ಗುಲೇ ಜಾಸ್ತಿ ಸವೆದಿತ್ತು.

ಯಾಕೆ ಅಂತ ಗೊತ್ತಾಗಬೇಕಾದರೆ ಇವರು ಬಂದ ಕಾಲ ನೋಡಬೇಕು. 1880ರಿಂದ ಮೊದಲ ಮಹಾಯುದ್ಧದ ತನಕ ಸ್ಲೊವೇನಿಯಾ ಅಂತ ದೇಶವೇ ಇರಲಿಲ್ಲ, ಅದು ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯದ ಒಂದು ಮೂಲೆ. ಹೊಲಗಳು ಪಾಲಾಗಿ ಪಾಲಾಗಿ ಚಿಕ್ಕದಾಗಿದ್ದವು, ಸಾಲ ಏರಿತ್ತು, ಸಾಲದ್ದಕ್ಕೆ ಫಿಲೊಕ್ಸೆರಾ ಅನ್ನುವ ಕೀಟ ಬಂದು ದ್ರಾಕ್ಷಿ ತೋಟಗಳನ್ನು ಬೇರುಸಹಿತ ತಿಂದುಹಾಕಿತು. ಹರೆಯದವರು ಹಡಗು ಹತ್ತಿದರು. ಇಲ್ಲಿ ಸಿಕ್ಕಿದ್ದು ಉಕ್ಕಿನ ಕಾರ್ಖಾನೆ, ರೈಲ್ವೆ ಯಾರ್ಡು, ಕಲ್ಲಿದ್ದಲು ಗಣಿ. ಆ ಗಣಿಗಳ ಕಥೆ ಕೇಳಬೇಡಿ. 1907ರ ಡಿಸೆಂಬರಿನಲ್ಲಿ ವೆಸ್ಟ್ ವರ್ಜೀನಿಯಾದ ಮೊನೊಂಗಾ ಗಣಿಯ ಒಂದೇ ಸ್ಫೋಟದಲ್ಲಿ 362 ಜನ ಸತ್ತರು, ಅವರಲ್ಲಿ ಹೆಚ್ಚಿನವರು ವಲಸಿಗರೇ. ಪರಿಹಾರದ ಕಾನೂನುಗಳು ಇನ್ನೂ ಬಂದಿರಲಿಲ್ಲ. ಕೈ ಹೋದರೆ ಕೈ ಹೋಯಿತು, ಅಷ್ಟೆ. ಭಾಷೆ ಬಾರದ ಹೆಂಡತಿ, ಮಕ್ಕಳು ಬೀದಿಗೆ.

ಹಾಗಾಗಿ ಇವರು ಮೊದಲು ಕಟ್ಟಿದ್ದು ಹಾಡಿನ ತಂಡವನ್ನಲ್ಲ, ವಿಮೆಯ ಸಂಘವನ್ನು. ಎಲ್ಲರೂ ತಿಂಗಳಿಗೆ ಇಷ್ಟು ಅಂತ ಹಾಕಬೇಕು, ಕಾಯಿಲೆ ಬಿದ್ದು ಮಲಗಿದವನಿಗೆ ಒಂದಿಷ್ಟು, ಸತ್ತವನ ಮನೆಗೆ ಒಂದಿಷ್ಟು. 1894ರಲ್ಲಿ ಇಲಿನಾಯ್‌ನ ಜೋಲಿಯೆಟ್‌ನಲ್ಲಿ ಕ್ಯಾಥೊಲಿಕರು ಕೆಎಸ್‌ಕೆಜೆ ಅನ್ನುವ ಒಕ್ಕೂಟ ಕಟ್ಟಿದರು. ಪಾದ್ರಿಗಳ ಸಹವಾಸವೇ ಬೇಡ ಅಂದವರು 1904ರಲ್ಲಿ ಶಿಕಾಗೊದಲ್ಲಿ ಎಸ್‌ಎನ್‌ಪಿಜೆ (ಸ್ಲೊವೇನಿಯನ್ ರಾಷ್ಟ್ರೀಯ ನೆರವಿನ ಸಂಘ) ಶುರು ಮಾಡಿದರು. ಕ್ಲೀವ್‌ಲ್ಯಾಂಡಿನವರು 1910ರಲ್ಲಿ ತಮ್ಮದೇ ಇನ್ನೊಂದು ಮಾಡಿಕೊಂಡರು. ತಿಂಗಳ ವಂತಿಗೆ ಕಟ್ಟಲು ಬಂದವರು ಹಾಗೇ ಕೂತು ಹರಟಿದರು, ಹಾಡಿದರು, ನಾಟಕ ಆಡಿದರು, ಪತ್ರಿಕೆ ತಂದರು. ಸಂಸ್ಕೃತಿ ಬಂದಿದ್ದು ರಸೀದಿ ಪುಸ್ತಕದ ಬೆನ್ನ ಹಿಂದೆ. ನಮ್ಮ ಹೊರನಾಡ ಸಂಘಗಳು ಶುರುವಾಗಿದ್ದು ಯುಗಾದಿ, ರಾಜ್ಯೋತ್ಸವ ಅಂತ. ನಮ್ಮವರು ಹೋಗುವ ಹೊತ್ತಿಗೆ ವಿಮೆಯನ್ನು ಕೆಲಸದ ಕಂಪನಿಯೇ ಕೊಡುತ್ತಿತ್ತು, ಅದೃಷ್ಟ.

ಆಮೇಲೆ ಈ ಸಂಘಗಳಿಗೆಲ್ಲ ಸಭೆ ಸೇರಲು ಜಾಗ ಬೇಕಾಯಿತು. ಶಾಖೆಗಳು, ಕೂಲಿಯವರು ಸೇರಿ ದುಡ್ಡು ಹಾಕಿ ಎಬ್ಬಿಸಿದ್ದು ಈ ನ್ಯಾಷನಲ್ ಹೋಮ್. ಇದರ ಬಾಗಿಲು ತೆರೆದದ್ದು 1924ರಲ್ಲಿ. ಅದೇ ವರ್ಷ ಅಮೆರಿಕ ಹೊಸ ವಲಸೆ ಕಾನೂನು ತಂದು ಪೂರ್ವ ಮತ್ತು ದಕ್ಷಿಣ ಯುರೋಪಿನವರಿಗೆ ಹೆಚ್ಚುಕಡಿಮೆ ಬಾಗಿಲು ಹಾಕಿತು. ಸಾವಿರ ಜನ ಕೂರುವ ಮಂದಿರ ಸಿದ್ಧವಾದಾಗ ಊರಿಂದ ಬರುವ ಜನವೇ ನಿಂತುಹೋದರು! ಆದರೂ ಮಕ್ಕಳು, ಮೊಮ್ಮಕ್ಕಳು ಅದನ್ನು ತುಂಬಿಸಿದರು. ಈ ಬೀದಿಯ ಹುಡುಗ ಫ್ರಾಂಕ್ ಲೌಷೆ ಮೊದಲು ನಗರದ ಮೇಯರ್, ಆಮೇಲೆ ಓಹಾಯೊದ ಗವರ್ನರ್, ಕೊನೆಗೆ ಸೆನೆಟರ್ ಆದ.

ಜಗಳ ಇರಲಿಲ್ವಾ? ಇತ್ತು, ಬೇಕಾದಷ್ಟಿತ್ತು. ಚರ್ಚಿನವರು, ಚರ್ಚು ಬೇಡದವರು ಅಂತ ಮೊದಲಿನಿಂದಲೂ ಎರಡು ಪಂಗಡ. ಎರಡನೇ ಮಹಾಯುದ್ಧದಲ್ಲಿ ಅದು ಇನ್ನೂ ಬಿಗಿಯಾಯಿತು. ಲೇಖಕ ಲೂಯಿ ಆಡಮಿಕ್ ಮತ್ತು ಅವನ ಜೊತೆಗಿದ್ದ ಅನೇಕರು ಯುಗೊಸ್ಲಾವಿಯಾದ ಕಮ್ಯುನಿಸ್ಟ್ ನಾಯಕ ಟಿಟೊನ ಪಾರ್ಟಿಸನ್ನರ, ಅಂದರೆ ಗೆರಿಲ್ಲಾ ಹೋರಾಟಗಾರರ, ಪರ ನಿಂತರು. ಯುದ್ಧ ಮುಗಿದ ಮೇಲೆ ಅದೇ ಟಿಟೊಗೆ ಹೆದರಿ ಓಡಿದವರು ಆಸ್ಟ್ರಿಯಾದ ನಿರಾಶ್ರಿತರ ಶಿಬಿರಗಳಲ್ಲಿ ವರ್ಷಗಟ್ಟಲೆ ಕಾದು ಕೆಲವರು ಅರ್ಜೆಂಟೀನಾಕ್ಕೆ, ಕೆಲವರು ಇದೇ ಸೇಂಟ್ ಕ್ಲೇರ್ ಬೀದಿಗೆ ಬಂದಿಳಿದರು. ಭಾಷೆ ಒಂದೇ, ತಿಂಡಿ ಒಂದೇ, ಆದರೆ ಒಬ್ಬರ ಮುಖ ಒಬ್ಬರಿಗೆ ಆಗದು. ಹೊಸಬರು ತಮ್ಮದೇ ಶನಿವಾರದ ಶಾಲೆ, ತಮ್ಮದೇ ನೃತ್ಯ ತಂಡ ಮಾಡಿಕೊಂಡರು. ಊರಾಚೆ ಸ್ಲೊವೆನ್‌ಸ್ಕಾ ಪ್ರಿಸ್ತಾವಾ ಅಂತ ತೋಟವನ್ನೂ ಕೊಂಡರು. ಭಾವ ಇದನ್ನು ಕೇಳಿ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ಒಂದೇ ಊರಲ್ಲಿ ಎರಡು ಕನ್ನಡ ಸಂಘ ಯಾಕೆ ಅಂತ ಅಕ್ಕ ಯಾವಾಗಲೂ ಗೊಣಗುತ್ತಿರುತ್ತಾಳೆ. ನನಗೇನೋ ಜಗಳ ಇದ್ದದ್ದರಿಂದಲೇ ಇಷ್ಟೊಂದು ಕಟ್ಟಡ ಎದ್ದವು ಅನ್ನಿಸಿತು. ಒಗ್ಗಟ್ಟಿದ್ದಿದ್ದರೆ ಒಂದೇ ಕಟ್ಟಿ ಸುಮ್ಮನಾಗುತ್ತಿದ್ದರೇನೊ.

ಸಂಜೆ ಕಾಲಿನ್‌ವುಡ್ ಕಡೆ ಹೋದೆವು. ಅಲ್ಲಿ ರೈಲ್ವೆ ಯಾರ್ಡಿನ ಕೆಲಸಗಾರರ ಬಡಾವಣೆಯಲ್ಲಿ ಬೇರೆಯದೇ ಹೋಮ್ ಇದೆ. ಪೋಲ್ಕಾ ಅನ್ನುವ ಕುಣಿತದ ಸಂಗೀತಕ್ಕೆ ರಾಜ ಅಂತ ಹೆಸರಾದ ಫ್ರಾಂಕಿ ಯಾಂಕೊವಿಕ್ ಬೆಳೆದದ್ದು ಇದೇ ಬಡಾವಣೆಯಲ್ಲಿ. ಅವರ ಮನೆಯಲ್ಲಿ ಒಂಟಿ ಕೂಲಿಯವರಿಗೆ ಊಟ, ವಸತಿ ಕೊಡುತ್ತಿದ್ದರು. ಹಾಗೆ ಬಾಡಿಗೆಗಿದ್ದವನೊಬ್ಬ ನುಡಿಸುತ್ತಿದ್ದ ಅಕಾರ್ಡಿಯನ್ ನೋಡಿ ಹುಡುಗ ಕಲಿತ. ಯುದ್ಧದಲ್ಲಿ ಹಿಮಕ್ಕೆ ಸಿಕ್ಕಿ ಕೈಬೆರಳು ಕೊಳೆಯುವಂತಾದಾಗ ಡಾಕ್ಟರು ಕತ್ತರಿಸೋಣ ಅಂದರೂ ಬೇಡ ಅಂದನಂತೆ. 1986ರಲ್ಲಿ ಪೋಲ್ಕಾಗೆ ಮೊದಲ ಗ್ರ್ಯಾಮಿ ಸಿಕ್ಕಿದ್ದು ಅದೇ ಕೈಗೆ.

ಅವತ್ತು ಶುಕ್ರವಾರ. ಇಲ್ಲಿನ ಸ್ಲೊವೇನಿಯನ್ ಹೋಮ್‌ಗಳಲ್ಲಿ ಶುಕ್ರವಾರ ಅಂದರೆ ಮೀನು ಕರಿದು ಮಾರುವುದು ವಾಡಿಕೆ. ಸಸ್ಯಾಹಾರಿಯಾದ ನನಗೆ ಉಳಿದದ್ದು ಸೇಬಿನ ಸ್ಟ್ರೂಡೆಲ್ ಮತ್ತು ಪೊತೀತ್ಸಾ. ಪೊತೀತ್ಸಾಗೆ ಹಿಟ್ಟನ್ನು ತೆಳ್ಳಗೆ ಲಟ್ಟಿಸಿ, ಅಕ್ರೋಟು, ಜೇನು ಹಚ್ಚಿ ಚಾಪೆ ಸುತ್ತಿದ ಹಾಗೆ ಸುತ್ತಿ ಬೇಯಿಸುತ್ತಾರೆ. ಕೊಯ್ದ ತುಂಡಿನಲ್ಲಿ ಕಂದು ಸುರುಳಿ. ಜಾಸ್ತಿ ಸಿಹಿ ಇಲ್ಲ, ಕಾಫಿಗೆ ಚೆನ್ನ.

ಮಾರನೇ ದಿನ ಗಡಿ ದಾಟಿ ಪೆನ್ಸಿಲ್ವೇನಿಯಾಕ್ಕೆ. ಇದನ್ನು ನೋಡಲೇಬೇಕು ಅಂತ ನಾನೇ ಹಠ ಹಿಡಿದದ್ದು. ಅಲ್ಲಿ ಎಸ್‌ಎನ್‌ಪಿಜೆ ಅಂತಲೇ ಒಂದು ಊರಿದೆ! ವಿಮೆ ಸಂಘದ ಹೆಸರೇ ಊರಿನ ಹೆಸರು. ಸದಸ್ಯರ ವಿಹಾರಕ್ಕೆ ಸಂಘದವರು ಸುಮಾರು 500 ಎಕರೆ ಕೊಂಡು ಕೆರೆ, ಕ್ಯಾಬಿನ್ನು, ಕುಣಿಯುವ ಹಾಲ್ ಎಲ್ಲ ಮಾಡಿಕೊಂಡರು. ಒಂದೇ ತೊಂದರೆ. ಆ ಜಾಗ ಸೇರಿದ್ದ ಟೌನ್‌ಶಿಪ್‌ನಲ್ಲಿ, ಅಂದರೆ ಅಲ್ಲಿನ ಸ್ಥಳೀಯ ಆಡಳಿತದಲ್ಲಿ, ಮದ್ಯಕ್ಕೆ ನಿರ್ಬಂಧ. ಬಿಯರ್ ಇಲ್ಲದೆ ಪೋಲ್ಕಾ ಹೇಗೆ? ಟೌನ್‌ಶಿಪ್ ಜೊತೆ ಗುದ್ದಾಡುವ ಬದಲು ತಮ್ಮ ಜಾಗವನ್ನೇ ಬೇರೆ ಪುರಸಭೆ ಮಾಡಿಕೊಡಿ ಅಂತ ಕೇಳಿ, 1977ರಲ್ಲಿ ಮಾಡಿಸಿಕೊಂಡೂ ಬಿಟ್ಟರು. 2010ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ 19. ಜುಲೈನ ಸ್ಲೊವೀನ್‌ಫೆಸ್ಟ್‌ಗೆ ಮಾತ್ರ ಜಾತ್ರೆಯಷ್ಟು ಜನ.

ನಾವು ಹೋದಾಗ ಹಬ್ಬ ಇರಲಿಲ್ಲ. ಒಬ್ಬರು ಹುಲ್ಲು ಕತ್ತರಿಸುತ್ತಿದ್ದರು, ಅಷ್ಟೆ. ಭಾವ ಅವರನ್ನು ನಿಲ್ಲಿಸಿ ಮದುವೆಗೆ ಹಾಲ್ ಬಾಡಿಗೆ ಎಷ್ಟು, ಅಡುಗೆ ನಾವೇ ಮಾಡಿಕೊಳ್ಳಬಹುದಾ, ಮುನ್ನೂರು ಜನ ಹಿಡಿಸುತ್ತಾರಾ ಅಂತೆಲ್ಲ ವಿಚಾರಿಸಿದರು. ಅಕ್ಕ ಕಾರಿನಿಂದಲೇ ಕೂಗಿದಳು, "ರೀ, ನೀವು ಖಜಾಂಚಿಗಿರಿ ಬಿಟ್ಟು ಆರು ವರ್ಷ ಆಯ್ತು, ಬನ್ನಿ."